ಹಿಡ್ಕೋಬೇಡಿ

ಕದ್ದು ಕೇಳುವ ಜಾಯಮಾನ ಬಡಗಿಯದಲ್ಲ. ಆದರೆ ಆಸ್ಪತ್ರೆಯಲ್ಲಿ ಸೊಂಟ ಹಿಡಿದು ಕೂತವನ ಕಿವಿಗೆ ಎದುರಿನ ಗಂಡಹೆಂಡಿರ ಮಾತು ತಾನಾಗಿ ಬಿತ್ತು.

“ಒಳಗೆ ಕರೆದಾಗ ನನ್ನ ಹಿಡ್ಕೋಬೇಡಿ. ನಾನೇ ಏಳ್ತೀನಿ.”

“ಬಿದ್ದುಬಿಟ್ರೆ?”

“ಬೀಳ್ತೀನಿ. ವರ್ಷವೆಲ್ಲಾ ನೀವು ಎಬ್ಬಿಸಿ ಎಬ್ಬಿಸಿ, ನನಗೆ ಏಳೋಕಾಗಲ್ಲ ಅನ್ನೋದು ಯಾವ ಡಾಕ್ಟರಿಗೂ ಕಾಣಲೇ ಇಲ್ಲ. ವಯಸ್ಸಾಯ್ತು, ಟಾನಿಕ್ ಕುಡೀರಿ ಅಂದ್ರು.”

“ಕಷ್ಟ ಆಗಬಾರದು ಅಂತ ಹಿಡಿದೆ ಕಣೇ.”

“ನಾನೆಲ್ಲಿ ತಪ್ಪು ಅಂದೆ? ಮೊದಲ ಸಲ ಇಲ್ಲಿಗೆ ಬಂದಾಗ ಈ ಡಾಕ್ಟರಮ್ಮ ಒಬ್ರೇ ‘ಯಜಮಾನ್ರೇ, ಸ್ವಲ್ಪ ದೂರ ನಿಲ್ಲಿ’ ಅಂದಿದ್ದು. ಏಳೋಕಾಗದೆ ನಾನು ಕುರ್ಚಿಯಲ್ಲೇ ಉಳಿದೆ. ಸ್ನಾಯುಗಳಲ್ಲೇ ಉರಿಯೂತ ಇರಬೇಕು ಅಂತ ಆಗಲೇ ಅನುಮಾನ ಪಟ್ರು.”

“ಇದೇ ಕಾಯಿಲೆ ನೋಡಿ ನೋಡಿ ಪಳಗಿದೋರು.”

“ಔಷಧಿ ನಾಟ್ತಿದೆಯೋ ಇಲ್ವೋ, ಇವತ್ತು ಅವರಿಗೆ ಗೊತ್ತಾಗಬೇಕು. ಕೈ ಜೇಬಲ್ಲಿಟ್ಕೊಳ್ಳಿ.”

ನರ್ಸ್ ಕರೆದಳು. ತೆರೆದ ಬಾಗಿಲಿಂದ ಡಾಕ್ಟರಮ್ಮ ಇತ್ತಲೇ ನೋಡುತ್ತಿದ್ದರು. ಹೆಂಡತಿ ಕುರ್ಚಿಗೆ ಕೈಯೂರದೆ, ಎದೆಯ ಮೇಲೆ ಕೈಕಟ್ಟಿ ಮುಂದಕ್ಕೆ ಬಾಗಿದಳು, ಮತ್ತೆ ಕುಸಿದಳು. ಗಂಡನ ಕೈ ಜೇಬಿನೊಳಗೇ ಮುಷ್ಟಿಯಾಯಿತು. ತುಟಿ ಕಚ್ಚಿ ಇನ್ನೊಮ್ಮೆ ಬಾಗಿದವಳು ತೂರಾಡುತ್ತಾ ನಿಂತೇಬಿಟ್ಟಳು. ಬಡಗಿ ಬಿಗಿಹಿಡಿದಿದ್ದ ಉಸಿರು ಬಿಟ್ಟ.

ಗಂಡ ಮಾತ್ರ ಕಣ್ಣು ತುಂಬಿಕೊಂಡು ಕೂತೇ ಇದ್ದ.

“ಏಳಿ ಮತ್ತೆ,” ಎಂದಳು ಬಾಗಿಲ ಕಡೆ ಹೆಜ್ಜೆ ಹಾಕುತ್ತಾ. “ಈಗ ನಿಮ್ಮನ್ನ ನಾನು ಎಬ್ಬಿಸಬೇಕಾ?”