ಬಡಿಯೋ ಸರದಿ

ಆ ಕಿಟಕಿ ಒಂಚೂರು ಮುಂದೆ ಮಾಡಿ... ಹಾಂ, ಸಾಕು. ಮಧ್ಯೆ ಯಾರಾದರೂ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ. ಆಮೇಲೆ ಕಾಲು ಹಿಡಿದರೂ ಹೇಳಲ್ಲ.

ಇದು ಆದದ್ದು ನಮ್ಮ ದೊಡ್ಡಮ್ಮನ ಮಗನಿಗೆ. ಎಲ್ಲರೂ ಅವನನ್ನ ಗಡಿಯಾರ ಅಂತಲೇ ಕರೆಯೋದು. ಐದಕ್ಕೆ ಬರ್ತೀನಿ ಅಂದರೆ ಐದಕ್ಕೆ ಬಾಗಿಲಲ್ಲಿ ಹಾಜರು. ಆರು ನಿಮಿಷ ತಡವಾದರೆ ಏನಾಯ್ತೋ ಅಂತ ಹುಡುಕೋಕೆ ಹೊರಡಬೇಕು, ಅಂಥ ಆಸಾಮಿ.

ಅವತ್ತು ದೋಣಿ ರಿಪೇರಿ ಶೆಡ್ಡಿನಲ್ಲಿ ಬಣ್ಣ ಬಳಿದು ಮುಗಿಸೋ ಹೊತ್ತಿಗೆ ಹತ್ತೂವರೆ ಆಗಿತ್ತು. ಮನೆಗೆ ಬರೋ ದಾರೀಲಿ ಒಂದು ಹಳೇ ಬಾವಿ. ಅಲ್ಲಿ ಯಾರೂ ನೀರು ಸೇದಲ್ಲ, ಬಾಯಿಗೆ ಹಲಗೆ ಹಾಕಿ ಮುಚ್ಚಿದ್ದಾರೆ. ಅದನ್ನ ದಾಟಬೇಕು ಅನ್ನುವಾಗ ಒಳಗಿಂದ...

ಠಕ್. ಠಕ್. ಠಕ್.

ಕಲ್ಲು ಬಿದ್ದ ಸದ್ದಲ್ಲ. ಕಪ್ಪೆನೂ ಅಲ್ಲ. ಮರದ ಮೇಲೆ ಮರ ಬಡಿದದ್ದು, ನೀರಿನಡಿಯಿಂದ ಬಂದ ಹಾಗೆ ಮಂದವಾಗಿ. ಆಮೇಲೆ ಸುಮ್ಮನಾಯ್ತು. ಗಡಿಯಾರ ತನಗೇ ಗೊತ್ತಿಲ್ಲದೆ ತನ್ನ ಉಸಿರು ಎಣಿಸ್ತಾ ನಿಂತ. ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು...

ಠಕ್. ಠಕ್. ಠಕ್.

ಆ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಣ್ಣ ದೋಣಿಯವರ ಲೆಕ್ಕ ಅದು. ತಿಮಿಂಗಿಲಗಳು ಓಡಾಡೋ ತಿಂಗಳಲ್ಲಿ ಬಲೆ ಬಿಟ್ಟು ಎಂಜಿನ್ ಆರಿಸಿ ಕೂತಾಗ, ಒಬ್ಬ ಮಲಗಿದರೆ ಇನ್ನೊಬ್ಬ ಕೊಡತಿ, ಅದೇ ಮರದ ಸುತ್ತಿಗೆ, ಹಿಡಿದು ದೋಣಿಯ ತಳ ಬಡೀತಾ ಇರಬೇಕು. ಮೂರು ಏಟು, ಇಪ್ಪತ್ತು ಉಸಿರು, ಮತ್ತೆ ಮೂರು ಏಟು. 'ಇಲ್ಲಿ ನಾವಿದ್ದೀವಿ ತಾಯಿ, ಪಕ್ಕಕ್ಕೆ ಹೋಗು' ಅಂತ. ಪಾಪ, ಅದು ಕೇಳಿಸಿಕೊಂಡು ಹೋಗುತ್ತೆ. ಮೇಲೆ ಬೀಳಬೇಕು ಅಂತ ಅದಕ್ಕೇನು ಹಟ?

ಇದಕ್ಕೆ ಒಂಬತ್ತು ತಿಂಗಳ ಹಿಂದೆ ಗಡಿಯಾರ ಮತ್ತೆ ಅವನ ಭಾವ, ಅಂದರೆ ಅಕ್ಕನ ಗಂಡ, ಇಬ್ಬರೇ ಸಮುದ್ರಕ್ಕೆ ಹೋಗಿದ್ದರು. ತಿಮಿಂಗಿಲ ತಾಗಿ ದೋಣಿ ಮಗುಚಿತು. ಇವನು ಅದರ ಬೆನ್ನು ತಬ್ಬಿಕೊಂಡು ಬದುಕಿದ. ಭಾವ ಸಿಗಲಿಲ್ಲ... ದಡದಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. ಬಡಿಯೋ ಸರದಿ ಯಾರದು?

"ಭಾವಂದು," ಅಂದುಬಿಟ್ಟ. "ನಿದ್ದೆ ಹತ್ತಿತ್ತು ಅನ್ಸುತ್ತೆ."

ಗಡಿಯಾರನೇ ಹೇಳಿದ ಮೇಲೆ ಇನ್ನೇನು? ಒಬ್ಬರೂ ಅನುಮಾನ ಪಡಲಿಲ್ಲ. ಸತ್ತವರ ಮೇಲೆ ಗೂಬೆ ಕೂರಿಸಿ ತಾನು ಪಾರಾದ. ಬಲೆ ಹೆಣೆಯೋ ಹೆಂಗಸರು ಅಕ್ಕನ್ನ ನಿದ್ದೆಬುರುಕನ ಹೆಂಡತಿ ಅಂದರು. ಅಕ್ಕ ಗಂಡನಿಗಾಗಿ ಅಳೋದನ್ನೂ ಬಿಟ್ಟಳು. ಬರೀ ಸಿಟ್ಟು. "ಎರಡು ಗಂಟೆ ಕಣ್ಣು ಬಿಟ್ಕೊಂಡು ಕೂರೋಕಾಗ್ಲಿಲ್ವೇನೋ ಅವರಿಗೆ? ನನ್ನ ನೆನಪೂ ಬರ್ಲಿಲ್ವಾ?" ಅಂತ ತಮ್ಮನನ್ನೇ ಕೇಳೋಳು. ಇವನು ನಿಜ ಹೇಳೋಣ ಅಂತ ಬಾಯಿ ತೆರೆಯೋನು... "ನೀರು ಕೊಡಕ್ಕಾ" ಅನ್ನೋನು. ಸಮುದ್ರಕ್ಕೆ ಇಳಿಯೋದು ಬಿಟ್ಟ. ಶೆಡ್ಡಿನಲ್ಲೂ ಬಣ್ಣ ಬಳಿದಾನೇ ಹೊರತು ಕೊಡತಿ ಮುಟ್ಟಲ್ಲ.

ಹಾಂ, ಬಾವಿ ಹತ್ತಿರ ನಿಂತಿದ್ದನಲ್ಲ. ಮತ್ತೆ ಇಪ್ಪತ್ತು ಉಸಿರಾಯ್ತು. ಬಡಿತ ಬರಲಿಲ್ಲ. ಅದರ ಬದಲು ಹಲಗೆ ಸಂದಿಯಿಂದ... ಫೂ...ಶ್ಶ್! ಒಂದು ದೊಡ್ಡ ಉಸಿರು. ಬಿಸಿ, ಮೀನಿನ ವಾಸನೆ, ಮುಖವೆಲ್ಲ ಒದ್ದೆ. ಅದರ ಹಿಂದೆಯೇ ಪಿಸುದನಿ.

"ಸರದಿ ಯಾರ್ದೋ?"

ಭಾವನ ದನಿ.

"ನಿ... ನಿಮ್ದು, ಭಾವ."

ನೋಡಿ ಹೇಗಿದ್ದಾನೆ! ದೆವ್ವದ ಮುಂದೆಯೂ ಸುಳ್ಳು. ಹೇಳಿದವನೇ ಎದ್ದೆನೋ ಬಿದ್ದೆನೋ ಅಂತ ಓಡಿದ.

ಮರುದಿನ ಬಾವಿಯ ದಾರಿ ಬಿಟ್ಟು ಮಾರುಕಟ್ಟೆ ಸುತ್ತಿ ಮನೆಗೆ ಬಂದ. ಕೈಕಾಲು ತೊಳೆಯೋಣ ಅಂತ ಬಚ್ಚಲಿಗೆ ಹೋದರೆ ನೀರಿನ ಡ್ರಮ್ಮಿನೊಳಗಿಂದ ಠಕ್. ಠಕ್. ಠಕ್. "ಸರದಿ ಯಾರ್ದೋ?" ಡ್ರಮ್ಮಿಗೆ ಮುಚ್ಚಳ ಹಾಕಿ, ಅದರ ಮೇಲೆ ಕಲ್ಲು ಹೇರಿದ. ಕಲ್ಲಿಗೆ ಹೆದರುತ್ತಾ ಅದು?

ಮೂರನೇ ರಾತ್ರಿ ತಲೆದಿಂಬಿನ ಪಕ್ಕದ ತಂಬಿಗೆಯಿಂದ ಬಂತು. ಈಗ ಸಣ್ಣ ಸದ್ದು. ಟಕ್... ಟಕ್... ಟಕ್... ತಂಬಿಗೆಯಲ್ಲಿ ನೀರು ಅಲುಗಾಡ್ತಿರಲಿಲ್ಲ.

"ಸರದಿ ಯಾರ್ದೋ?"

ಅದರಲ್ಲಿ ಸಿಟ್ಟೇ ಇರಲಿಲ್ಲವಂತೆ. ಬರೀ ಸುಸ್ತು. ಬೈದಿದ್ದರೆ ತಡ್ಕೋತಿದ್ದೆ ಅಂತ ಆಮೇಲೆ ಹೇಳಿದ.

"ನಂದು..." ಅಂತ ಬಿಕ್ಕಿದ. "ನಂದೇ ಇತ್ತು, ಭಾವ."

ಬರಿಗಾಲಲ್ಲಿ ಅಕ್ಕನ ಮನೆಗೆ ಓಡಿ ಬಾಗಿಲು ಬಡಿದ. ಆಗ ನಾನಿದ್ದದ್ದು ಅವಳ ಪಕ್ಕದ ಮನೆಯಲ್ಲೇ, ಗೋಡೆಗೆ ಗೋಡೆ ತಾಗಿಕೊಂಡು. ಬಾಗಿಲಲ್ಲಿ ಅವನಂದದ್ದು ಒಂದೊಂದು ಮಾತೂ ಕೇಳಿಸ್ತು.

"ಅಕ್ಕಾ, ಬಡಿಯೋ ಸರದಿ ನಂದು. ಭಾವ ನಿದ್ದೆ ಮಾಡೋ ಹೊತ್ತು ಅದು, ಕಂಬಳಿ ಸುತ್ತಿಕೊಂಡು ಮಲಗಿದ್ರು. ನನಗೇನು ಕಣ್ಣು ಹತ್ತಿರ್ಲಿಲ್ಲ. ಬೇಕಂತಲೇ ನಿಲ್ಲಿಸಿದೆ."

ಅಷ್ಟಕ್ಕೇ ಬಿಡಲಿಲ್ಲ, ಮುಂದೆ ಹೇಳಿದ.

"ತಿಮಿಂಗಿಲ ಉಸಿರು ಬಿಡ್ತಾ ಬಿಡ್ತಾ ಹತ್ತಿರ ಬರ್ತಿತ್ತು. ಒಳ್ಳೇ ಬೆಳದಿಂಗಳು. ಒಂದೇ ಒಂದು ಸಲ ನೋಡ್ಬೇಕು ಅನ್ನಿಸ್ತು ಅಕ್ಕಾ. ಬಡಿದ್ರೆ ಹೋಗಿಬಿಡುತ್ತೆ ಅಂತ ಕೊಡತಿ ಕೆಳಗಿಟ್ಟೆ. ಬಂತು. ದೋಣಿ ಮಗ್ಗುಲಿಗೇ ಬಂದು ನನ್ನ ನೋಡ್ತು. ಕೈ ಚಾಚಿ ಮುಟ್ಟಿದೆ. ಭಾವನ್ನ ಎಬ್ಬಿಸ್ಬೇಕು ಅಂತಲೂ ಹೊಳೀಲಿಲ್ಲ. ಅದೇನೂ ಮಾಡ್ಲಿಲ್ಲ ಅಕ್ಕಾ... ಮುಳುಗೋಕೆ ಅಂತ ಒಂದು ಸಲ ಹೊರಳಿತು, ಅಷ್ಟೇ."

ಹೋಗಿ ಅವನನ್ನ ಕರಕೊಂಡು ಬರೋಣ ಅಂತ ನಾನು ಎದ್ದು ಕೂತೆ. ಆಗ ಅಕ್ಕ ಕೇಳಿದಳು.

"ಹೇಗಿತ್ತು ನೋಡೋಕೆ?"

ಸುಳ್ಳು ಹೇಳೋ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಚೆನ್ನಾಗಿತ್ತು," ಅಂದ.

ಅಕ್ಕ ಬಾಗಿಲು ಹಾಕಿಕೊಂಡಳು. ಒಳಗೆ ಅಗುಳಿ ಬಿದ್ದ ಸದ್ದೂ ಕೇಳಿಸ್ತು. ಅದಾದ ಮೇಲೆ ಅವಳು ಅತ್ತಳು ನೋಡಿ... ಒಂಬತ್ತು ತಿಂಗಳದ್ದು ಒಟ್ಟಿಗೆ. ಇವನು ಮೆಟ್ಟಿಲ ಮೇಲೆ ಬೆಳಕು ಹರಿಯೋವರೆಗೂ ಕೂತಿದ್ದ. ಆಮೇಲೆ ಎದ್ದು ದಡದ ದೋಣಿ ದೋಣಿಗೂ ಹೋಗಿ ಎಲ್ಲರ ಮುಂದೆ ಅದನ್ನೇ ಹೇಳಿದ. ಅಕ್ಕ ಇವತ್ತಿಗೂ ಅವನ ಹತ್ತಿರ ಮಾತಾಡಲ್ಲ. ಯಾಕೆ ಮಾತಾಡಬೇಕು?

ಈಗ ಕೇಳಿ. ಅದು ಒಂದೇ ಬಾಗಿಲಿನ ಮನೆ. ಆ ಬಾಗಿಲಿಗೆ ಬೆನ್ನು ಕೊಟ್ಟು ಇವನು ಕೂತೇ ಇದ್ದ. ಒಳಗೆ ಹೋದವರಿಲ್ಲ, ಹೊರಗೆ ಬಂದವರೂ ಇಲ್ಲ. ಬೆಳಗ್ಗೆ ಅವನು ಎದ್ದು ಹೋದ ಹಾಗೇ ಅಕ್ಕ ಅಗುಳಿ ತೆಗೆದಳು, ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಚಹಾ ಕುಡಿದಿಟ್ಟ ಲೋಟ ಎರಡಿದ್ದವು. "ಯಾರಕ್ಕ ಬಂದಿದ್ದು?" ಅಂದೆ. ಲೋಟಗಳನ್ನ ನನ್ನ ಕಡೆ ಸರಿಸಿದಳು. ಅಕ್ಕ ಸಕ್ಕರೆ ಮುಟ್ಟೋಳಲ್ಲ. ಮೂರು ಚಮಚ ಸುರಿದು ಕಲಕದೇ ಕುಡಿಯೋದು ಭಾವನ ಚಾಳಿ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಲೋಟ ತೊಳೆದೋಳು ನಾನೇ. ಒಂದರ ತಳದಲ್ಲಿ ಸಕ್ಕರೆ ಹಾಗೇ ಕೂತಿತ್ತು.