ಹಿಂಡಲಗಾದಲ್ಲಿ ಕಲಿತ ಕೆಲಸ

ನನಗೆ ಐದೇ ನಿಮಿಷ ಕೊಟ್ಟು, ನಾನು ಅಷ್ಟರಲ್ಲಿ ಮುಗಿಸುವುದಿಲ್ಲ ಎಂದು ಚೆನ್ನಾಗಿ ಬಲ್ಲ ಅಧ್ಯಕ್ಷರಾದ ಗುರುಪಾದಪ್ಪನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬೆಳಿಗ್ಗೆಯೇ ಬಸ್ಸು ಹತ್ತಿ ನಂದಗಡದಿಂದ ಬೆಳಗಾವಿಗೆ ಬಂದಿರುವ ಅಕ್ಕತಂಗಿಯರೇ, ಎರಡನೆಯ ಸಾಲಿನಲ್ಲಿ ಕುಳಿತು ಈಗಲೇ ಕೈಗಡಿಯಾರ ನೋಡುತ್ತಿರುವ ನನ್ನ ಯಜಮಾನರಾದ ಸುಮಂತ ಅವರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ಇದು ಬೀಳ್ಕೊಡುಗೆಯ ಸಭೆ. ಯೋಜನೆ ಮುಗಿಯಿತಲ್ಲ ಎಂದು ದುಃಖಪಡುವುದು ರೂಢಿ. ಕರವಸ್ತ್ರವನ್ನೂ ತಂದಿದ್ದೇನೆ. ಆದರೆ ನಿಜ ಹೇಳಲೇ? ನನಗೆ ನಿರಾಳವಾಗಿದೆ. ಹೊರದೇಶದ ನಂಬರಿನಿಂದ ಫೋನು ಬಂದರೆ ಇನ್ನು ನನ್ನ ಎದೆ ಹೊಡೆದುಕೊಳ್ಳುವುದಿಲ್ಲ.

ನಾನು ಮುಖ್ಯಸ್ಥೆಯಾಗಿದ್ದ ಈ ಅಂತಾರಾಷ್ಟ್ರೀಯ ಯೋಜನೆಯನ್ನು ನಮ್ಮ ಕಡೆಯ ಜನ ‘ಫಾರಿನ್ ಪ್ರಾಜೆಕ್ಟ್’ ಎಂದೇ ಕರೆದರು. ನಮ್ಮ ಸಣ್ಣ ಘಟಕಗಳ ಸಾಮಾನು ಹೊರದೇಶದ ಅಂಗಡಿಗೆ ಹೋಗಬೇಕು, ಅದನ್ನು ಮಾಡುವ ಕೈಗಳಿಗೆ ಗೌರವದ ಕೆಲಸ ಸಿಗಬೇಕು. ಯೋಜನೆ ಇಷ್ಟೇ. ನಂದಗಡದಲ್ಲಿ ಮೊದಲ ದಿನ ನಾನು ‘ಗೌರವದ ಕೆಲಸ’ ಎಂದು ದೊಡ್ಡದಾಗಿ ವಿವರಿಸಿದಾಗ, ಇಲ್ಲೇ ಮುಂದೆ ಕುಳಿತಿರುವ ಬಾಳವ್ವ ಏನೆಂದಳು ಗೊತ್ತೇ? “ಕೆಲಸಾ ಅಂದಮ್ಯಾಲ ಗೌರವ ಅದರಾಗ ಇರಬೇಕಲ್ರಿ ಬಾಯಾರ? ಬ್ಯಾರೆ ಯಾಕ ಹೇಳಾಕತ್ತೀರಿ?” ನಾನು ಎಲ್ಲರಿಗೂ ಚಹಾ ತರಿಸಿದೆ.

ನಂದಗಡದ ಘಟಕದಲ್ಲಿ ಕಟ್ಟಿಗೆಯ ಸೌಟು, ಬಟ್ಟಲು, ಲಟ್ಟಣಿಗೆ ತಯಾರಾಗುತ್ತವೆ. ಹೆಣ್ಣುಮಕ್ಕಳು ಉಜ್ಜಿ ನುಣುಪು ಮಾಡಿ ಎಣ್ಣೆ ಹಚ್ಚುತ್ತಾರೆ. ಲೇತ್ ಯಂತ್ರದ ಮೇಲೆ ಕಟ್ಟಿಗೆಗೆ ರೂಪ ಕೊಡುವವನು ಪಾರಿಶ್ವಾಡದ ರಾಯಪ್ಪ. ಅವನು ಮಾಡಿದ ಬಟ್ಟಲನ್ನು ನೋಡಿಯೇ ನೆದರ್ಲೆಂಡ್ಸಿನ ಒಂದು ಕಂಪನಿ ದೊಡ್ಡ ಆರ್ಡರಿಗೆ ಒಪ್ಪಿತ್ತು. ಆರ್ಡರ್ ಕೊಡುವ ಮೊದಲು ಕೆಲಸದ ಜಾಗ ನೋಡಬೇಕೆಂದು ತಪಾಸಣೆಗೆ ಒಬ್ಬ ಹೆಣ್ಣುಮಗಳನ್ನು ಕಳಿಸಿತು. ಆಕೆಯ ಹೆಸರು ಯೋಹಾನಾ. ನಂದಗಡದವರಿಗೆ ಅರ್ಧ ಗಂಟೆಯಲ್ಲಿ ಯೋಹಾನಾಬಾಯಿ.

ಇಲ್ಲಿ ನನ್ನದೊಂದು ಸ್ವಂತ ಮಾತು ಹೇಳಬೇಕು. ನಾನು ಹಿಂಡಲಗಾದವಳು. ನೀವು ನಗುತ್ತೀರಿ, ಗೊತ್ತು; ದೊಡ್ಡ ಜೈಲು ಇರುವುದು ಅಲ್ಲೇ. ಈ ಸೀಮೆಯಲ್ಲಿ ‘ಹಿಂಡಲಗಾಕ್ಕ ಹೋಗಿದ್ದ’ ಎಂದರೆ ಜೈಲಿಗೆ ಹೋಗಿದ್ದ ಎಂದೇ ಅರ್ಥ. ಅಲ್ಲಿ ಮನೆಗಳಿವೆ, ಅಂಗಡಿಗಳಿವೆ, ಅದೂ ಒಂದು ಊರು ಎಂದು ಯಾರು ನೆನೆಯುತ್ತಾರೆ? ಸುಮಂತನ ಮನೆಯವರು ನನ್ನನ್ನು ನೋಡಲು ಬಂದಾಗ ಅವರ ಸೋದರಮಾವ ತಮಾಷೆಗೆ, “ಹಿಂಡಲಗಾ ಅಂದ್ರ ಯಾವ ಬಾಜುದವ್ರರೀ?” ಎಂದು ಕೇಳಿದರು. ನಮ್ಮ ತಂದೆ ಕೃಷ್ಣಾಜಿಯವರು ನಗಲಿಲ್ಲ. “ಜೇಲಿನ ಗ್ವಾಡಿ ಹೊರಗಿನ ಬಾಜು” ಎಂದಷ್ಟೇ ಹೇಳಿ, ಅವಲಕ್ಕಿ ತಟ್ಟೆಯನ್ನು ಸುಮಂತನ ಕಡೆ ಸರಿಸಿದರು. ಸುಮಂತ ಅಂದು ತಿಂದ ಅವಲಕ್ಕಿಯಿಂದಲೇ ಆ ಸಂಬಂಧ ಉಳಿಯಿತು. ಕೆಲಸಕ್ಕೆಂದು ಎಷ್ಟೋ ದೇಶ ತಿರುಗಿದೆ. ಎಲ್ಲೇ ಊರ ಹೆಸರು ಕೇಳಿದರೂ ಬೆಳಗಾವಿ ಎಂದು ಹೇಳಿ ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಯೋಹಾನಾ ಲೇತಿನ ಮುಂದೆ ನಿಂತು, ಇಷ್ಟು ಚಂದದ ಕೆಲಸ ಎಲ್ಲಿ ಕಲಿತೆ ಎಂದು ರಾಯಪ್ಪನನ್ನು ಕೇಳಿದಳು. ರಾಯಪ್ಪ, “ಹಿಂಡಲಗಾದಾಗ ಕಲತೇನ್ರಿ” ಎಂದ.

ಅನುವಾದ ಮಾಡಬೇಕಿದ್ದ ನಮ್ಮ ಕಚೇರಿಯ ವಿನೀತ ನನ್ನ ಮುಖ ನೋಡಿದ. ಅದು ಒಂದು ಊರಿನ ಹೆಸರು. ಹಾಗೇ ಹೇಳಿಬಿಟ್ಟಿದ್ದರೆ ಸುಳ್ಳಾಗುತ್ತಿತ್ತೇ? ನಾನು ಬಾಯಿ ತೆರೆಯುವ ಮೊದಲೇ ರಾಯಪ್ಪ ಯಂತ್ರ ನಿಲ್ಲಿಸಿದ. “ಜೇಲಿನಾಗ ಅಂತ ಹೇಳ್ರಿ ಸರ. ಏಳು ವರ್ಷ ಇದ್ದೆ. ಬದುವಿನ ಜಗಳದಾಗ ನನ್ನ ಕೈಲೆ ಒಬ್ಬಾಂವ ಸತ್ತ. ಮುಚ್ಚಿ ಇಡೂದೇನೈತಿ?”

ವಿನೀತ ಹೇಳಿದ. ಯೋಹಾನಾಳ ಮುಖದ ನಗು ನಿಂತಿತು. ಕೈದಿಗಳು ಮಾಡಿದ ವಸ್ತುವನ್ನು ಕೊಳ್ಳಬಾರದು ಎಂಬುದು ಆ ಕಂಪನಿಯ ನಿಯಮ. ಒಳ್ಳೆಯ ನಿಯಮವೇ. ಆದರೆ ರಾಯಪ್ಪ ಕೈದಿಯೇ? ಅದನ್ನು ವಿವರಿಸುವಷ್ಟರಲ್ಲಿ ಆಕೆಯ ಕಾರು ಹೊರಟಿತ್ತು. ಮರುದಿನ ಆರ್ಡರ್ ತಡೆಹಿಡಿದ ಸುದ್ದಿ ಬಂತು.

ಘಟಕದ ಮೇಲ್ವಿಚಾರಕ ಬಂಡೆಪ್ಪ ನನ್ನ ಬಳಿ ಬಂದ. ಅವನೂ ಇಲ್ಲೇ ಇದ್ದಾನೆ, ಅವನ ಅನುಮತಿ ಪಡೆದೇ ಹೇಳುತ್ತಿದ್ದೇನೆ. “ಒಬ್ಬನ ಸಲವಾಗಿ ಇಷ್ಟ ಮಂದಿ ಹೊಟ್ಟಿ ಮ್ಯಾಲ ಹೊಡ್ಯಾಕ ಆಗತೈತೇನ್ರಿ ಬಾಯಾರ? ಅಂವಗ ನಾ ಬ್ಯಾರೆ ಕಡೆ ಕೆಲಸಾ ಹುಡಕಿ ಕೊಡತೇನಿ.” ಅವನದು ಕೆಟ್ಟ ಮಾತಾಗಿರಲಿಲ್ಲ. ನನ್ನ ಮೇಲಿನವರೂ ಫೋನಿನಲ್ಲಿ ಅದನ್ನೇ ನಯವಾಗಿ ಹೇಳಿದರು.

ನಾನು ಯಾವ ಉತ್ತರವನ್ನೂ ಕೊಡುವ ಮೊದಲೇ ರಾಯಪ್ಪ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ.

ಪಾರಿಶ್ವಾಡಕ್ಕೆ ಹೋದೆ. ಅವನು ಯಾರದೋ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ. “ನಾ ಬಂದ್ರ ಬಾಳವ್ವನ ಕೆಲಸಾ ಹೋಗತೈತಿ. ಬ್ಯಾಡ್ರಿ ಬಾಯಾರ” ಎಂದು ಮತ್ತೆ ಬಗ್ಗಿದ. ಬದುವಿನ ಮೇಲೆ ಕುಳಿತಿದ್ದ ಅವನ ತಾಯಿ ಫಕೀರವ್ವ ನನ್ನನ್ನು ಕುಂದರ್ರಿ ಎಂದು ಕೂಡಿಸಿ, ನೀರು ಕೊಟ್ಟು, ನಾನು ಕುಡಿಯುವ ತನಕ ತಡೆದು ಕೇಳಿದಳು: “ಸರಕಾರ ಕೊಟ್ಟ ಶಿಕ್ಷಾ ನನ್ನ ಮಗಾ ಮುಗಸ್ಯಾನ. ನಿಮ್ಮ ಪ್ರಾಜೆಕ್ಟಿಂದು ಎಷ್ಟ ವರ್ಷದ್ದರಿ ಬಾಯಿ?”

ಸಭಿಕರೇ, ಆ ಪ್ರಶ್ನೆಗೆ ಯಾವ ಮುಖ್ಯಸ್ಥೆ ಉತ್ತರ ಕೊಟ್ಟಾಳು? ಖಾಲಿ ಲೋಟ ಕೆಳಗಿಟ್ಟು ಎದ್ದೆ. ಆದರೆ ವಾಪಸು ಬರುವ ದಾರಿಯಲ್ಲಿ, ಕಾರಿನಲ್ಲಿ, ಒಂದು ವಿಚಾರ ಹೊಳೆಯಿತು. ರಾಯಪ್ಪ ಕೆಲಸ ಬಿಟ್ಟು ಹೋಗಿದ್ದಾನೆ. ಕೈದಿ ಕೆಲಸ ಬಿಟ್ಟು ಹೋಗಬಲ್ಲನೇ?

ಯೋಹಾನಾ ಇನ್ನೂ ಬೆಳಗಾವಿಯಲ್ಲೇ ಇದ್ದಳು. ಅವಳನ್ನು ಮತ್ತೆ ನಂದಗಡಕ್ಕೆ ಕರೆದೆ. ರಾಯಪ್ಪನನ್ನೂ ಕರೆಸಿದೆ; ತಾಯಿಯೇ ಅವನನ್ನು ಹೊರಡಿಸಿಕೊಂಡು ಬಂದಳು. ನಾನು ಯೋಹಾನಾಗೆ ಹೇಳಿದೆ: ‘ಬೇಡ ಎನ್ನಲಾರದವನಿಂದ ದುಡಿಸಿಕೊಳ್ಳಬಾರದೆಂದು ನಿಮ್ಮ ನಿಯಮ. ಇವನು ಬೇಡವೆಂದು ಎದ್ದು ಹೋದ. ನಾವು ಹೋಗಿ ಕರೆದರೂ ಕೆಲಸಕ್ಕೆ ಬರಲಿಲ್ಲ. ಇವನಿಗಿಂತ ಸ್ವತಂತ್ರ ಕೆಲಸಗಾರನನ್ನು ನಾನೆಲ್ಲಿಂದ ತರಲಿ?’

ಯೋಹಾನಾ ರಾಯಪ್ಪನನ್ನೊಮ್ಮೆ ನೋಡಿದಳು. ಆಮೇಲೆ ಹೆಣ್ಣುಮಕ್ಕಳ ಕಡೆ ತಿರುಗಿ, ನಿಮಗೆ ಇವನ ಅಂಜಿಕೆ ಇಲ್ಲವೇ ಎಂದು ಕೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಬಾಳವ್ವ ಎದ್ದಳು. “ಖರೇ ಹೇಳತೇನ್ರಿ, ಮೊದಲ ಅಂಜಿದ್ದೆ. ಒಂದ ತಿಂಗಳ ಅವನ ಬಾಜು ಕುಂತಿದ್ದಿಲ್ಲ. ಈಗ ನನ್ನ ಮಗಳು ಅವನ ಕಡೆ ಲೇತ್ ಕಲ್ಯಾಕತ್ತಾಳ್ರಿ. ಅಂಜಿಕಿ ಇದ್ರ ಕಳಸ್ತಿದ್ನೇನ್ರಿ?” ವಿನೀತ ಒಂದೊಂದು ಮಾತನ್ನೂ ಬಿಡದೆ ಅನುವಾದಿಸಿದ.

ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಯೋಹಾನಾ ಹೊರಟುಹೋದಳು. ಆಮೇಲೆ ಕಾಯುವಿಕೆ. ರಾಯಪ್ಪನನ್ನು ತೆಗೆ ಎಂದರೆ ನಾನೇ ಈ ಹುದ್ದೆ ಬಿಡುತ್ತೇನೆಂದು ಒಂದು ದಿನ ಊಟ ಮಾಡುವಾಗ ಸುಮಂತನಿಗೆ ಹೇಳಿದೆ. ಇದನ್ನು ಇಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟೆ. ಸುಮಂತ ರೊಟ್ಟಿ ಮುರಿಯುತ್ತ, “ಬಿಡು ಮುಗ್ಧಾ. ಆದ್ರ ನಿನ್ನ ಖುರ್ಚಿಗೆ ಬರಾಂವ ಅವನ್ನ ಉಳಸ್ತಾನೇನು?” ಎಂದ. ಅದಕ್ಕೇ ಉಳಿದೆ.

ಖಾನಾಪುರದ ರೈಲ್ವೆ ಗೇಟು ಹಾಕಿದ್ದಾಗ ಫೋನು ಬಂತು. ಯೋಹಾನಾ. ರೈಲು ಹೋಗುವ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಮತ್ತೆ ಹೇಳು ಎಂದೆ. ಹೇಳಿದಳು. ಆರ್ಡರ್ ಬಂದಿದೆ. ಶಿಕ್ಷೆ ಮುಗಿಸಿ ಬಂದವರಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಕಂಪನಿ ಬರೆದು ಸೇರಿಸಿದೆ. ಗೇಟು ತೆರೆದದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನ ಲಾರಿಯವರು ಹಾರ್ನ್ ಹೊಡೆದು ನನ್ನನ್ನು ಎಬ್ಬಿಸಬೇಕಾಯಿತು.

ರಾಯಪ್ಪನನ್ನೂ ನಂದಗಡಕ್ಕೆ ಕರೆಸಿ ಎಲ್ಲರಿಗೂ ಹೇಳಿದೆ. ಬಂಡೆಪ್ಪ ತಾನೇ ಹೋಗಿ ಎಲ್ಲರಿಗೂ ಮಂಡಿಗೆ ತಂದ. ರಾಯಪ್ಪ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ.

ಇಂದಿನಿಂದ ಆ ಘಟಕವನ್ನು ನಡೆಸುವವರು ಅಲ್ಲಿ ದುಡಿಯುವವರೇ. ನಾನಿಲ್ಲದೆ ನಡೆಯುತ್ತದೆಯೇ ಎಂಬ ಚಿಂತೆ ನನಗಿತ್ತು. ಮುಖ್ಯಸ್ಥರಿಗೆ ಅದೊಂದು ರೋಗ. ನಿನ್ನೆ ರಾಯಪ್ಪನಿಗೆ ಫೋನು ಮಾಡಿ, ನಾಳೆ ಸಭೆಗೆ ಬಾ, ನಿನಗೆ ಶಾಲು ಹೊದಿಸುತ್ತೇವೆ ಎಂದೆ. ಅವನೆಂದ: “ಆಗೂದಿಲ್ರಿ ಬಾಯಾರ. ನಾಳೆ ಮಾಲು ಲೋಡ್ ಆಗಬೇಕು. ನೀವ ಮಾಡ್ಕೋರಿ ಸಭಾ.”

ಇಷ್ಟು ವರ್ಷಗಳ ನೌಕರಿಯಲ್ಲಿ ಇಷ್ಟು ಸಂತೋಷ ಕೊಟ್ಟ ನಿರಾಕರಣೆಯನ್ನು ನಾನು ಕೇಳಿಲ್ಲ.

ನನ್ನ ಮಾತನ್ನು ಎದ್ದು ಹೋಗದೆ ಕೇಳಿದ ನಿಮಗೂ, ತಾಳ್ಮೆಯಿಂದ ಗಂಟೆ ಬಾರಿಸದೆ ಕುಳಿತ ಅಧ್ಯಕ್ಷರಿಗೂ ನಾನು ಋಣಿ. ಊಟ ತಯಾರಿದೆಯಂತೆ, ನಡೆಯಿರಿ. ಎಲ್ಲರಿಗೂ ನನ್ನ ಹೃದಯ ತುಂಬಿದ ನಮಸ್ಕಾರ.