ಹನ್ನೊಂದನೆಯ ವಾರ್ಡಿನ ಬಾವಿ ನೀರು

ವಾಚನಾಲಯದ ಅಂಗಳಕ್ಕೆ ಬಂದ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕುಳಿತ ಬ್ರಿಜಿತ್ ಚೇಚಿಯ ಗಂಡ ಲಾಸರ್ ಚೇಟನಿಗೆ, ಅವರ ಮಗಳು ಜೆಸಿಗೆ ನನ್ನ ನಮಸ್ಕಾರ. ನನಗೆ ಭಾಷಣ ಬರುವುದಿಲ್ಲ. ನಮಗೆಲ್ಲ ಅಕ್ಕನಂತಿದ್ದ ಚೇಚಿಯ ಜೊತೆ ಒಂಬತ್ತು ವರ್ಷ ಮನೆ ಮನೆ ತಿರುಗಿ ಪಂಚಾಯತಿಯ ಸಮೀಕ್ಷೆ ಹಾಳೆ ತುಂಬಿದವನು ಈ ಸುಗುಣನ್ — ಅಷ್ಟಕ್ಕೇ ನನ್ನನ್ನು ಕರೆದಿದ್ದಾರೆ.

ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಅದು ನನ್ನ ತಪ್ಪು.

ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು — ಮನೆಯಲ್ಲಿ ಕುಡಿಯುವ ನೀರಿನ ಬಾವಿ ಇದೆಯೇ? ನಾನು ಕರ್ಕಿಡಕದ ಮಳೆಯಲ್ಲಿ ಹೋದೆ. ಯಾರೂ ಕಡಲಿಗೆ ಇಳಿಯದೆ ಮನೆಯಲ್ಲೇ ಸಿಗುವ ತಿಂಗಳು, ಕೆಲಸ ಬೇಗ ಮುಗಿಯುತ್ತದೆ ಅಂದುಕೊಂಡೆ. ಇದೆ, ಇದೆ, ಇದೆ — ಇನ್ನೂರ ಹನ್ನೆರಡು ಮನೆಗೂ ಇದೆ ಎಂದು ಬರೆದೆ. ಸುಳ್ಳಲ್ಲ. ಆ ತಿಂಗಳು ನೀರು ಸಿಹಿಯಾಗಿಯೇ ಇತ್ತು. ಆ ಹಾಳೆ ನೋಡಿ ನೀರಿನ ಪೈಪು ನಮ್ಮನ್ನು ಬಿಟ್ಟು ಪಕ್ಕದ ವಾರ್ಡಿಗೆ ಹೋಯಿತು. ಬಾವಿಗಳು ಉಪ್ಪಾಗುವ ಬೇಸಿಗೆಯಲ್ಲಿ ನಮ್ಮ ಹೆಂಗಸರು ಕಾಲುವೆ ದಾಟಿ ಕೊಡ ಹೊತ್ತರು.

ಚೇಚಿ ಬೈಯಲಿಲ್ಲ. ಮೀನ ಮಾಸದ ಬಿಸಿಲಲ್ಲಿ ಮನೆಗೆ ಬಂದು ನನ್ನ ಕೈಗೆ ಒಂದು ಲೋಟ ಕೊಟ್ಟರು. "ಬಾರೋ ಸುಗುಣಾ, ನೀನು ಬರೆದಿದ್ದನ್ನ ಕುಡ್ದು ನೋಡೋಣ," ಅಂದರು.

ಕುಡಿದೆವು. ಹದಿನೆಂಟು ದಿನ — ಒಂದೊಂದು ಬಾವಿಯಿಂದ ಒಂದೊಂದು ಗುಟುಕು. ಸಿಹಿಯೋ, ಉಪ್ಪೋ, ಅಷ್ಟೇ ಬರೆಯುವುದು. ಮೂರನೆಯ ದಿನ ನನ್ನ ಹೊಟ್ಟೆ ಕೆಟ್ಟಿತು. ನಗಿ, ಪರವಾಗಿಲ್ಲ — ಅವರೂ ನಕ್ಕಿದ್ದರು.

ಪೊನ್ನಪ್ಪನ್, ನೀನು ಇಲ್ಲೇ ಇದ್ದೀಯ, ಬೇಸರ ಮಾಡಿಕೊಳ್ಳಬೇಡ. ನಿನ್ನ ಬಾವಿ ಸಿಹಿ. ಅಂದು ನೀನು ಹೇಳಿದೆ — "ಎಲ್ಲಾರ್ದೂ ಉಪ್ಪು ಅಂತ್ಲೇ ಬರ್ದುಬಿಡಿ ಚೇಚೀ. ಯಾರು ಬಂದು ನೆಕ್ಕಿ ನೋಡ್ತಾರೆ?"

"ಒಂದು ಬಾವಿ ಸುಳ್ಳಾದ್ರೆ ಸಾಕು ಪೊನ್ನಪ್ಪಾ, ಮಿಕ್ಕವರ ಉಪ್ಪನ್ನೂ ಯಾರೂ ನಂಬಲ್ಲ."

ನೀನು ಬಿಡಲಿಲ್ಲ. ನಿಮ್ಮ ಬಾವಿಗೆ ಏನು ಬರೀತೀರಿ, ನೋಡೋಣ ಎಂದು ಕೆಣಕಿದೆ. ನಿನ್ನ ಮುಂದೆಯೇ ಬರೆದರು — ಸಿಹಿ.

ಗ್ರಾಮಸಭೆಯಲ್ಲಿ ಆ ಹಾಳೆ ಓದಿದರು. ಇಂಜಿನಿಯರ್ ಬಂದು ತಮಗೆ ತೋಚಿದ ಹತ್ತು ಬಾವಿಗಳ ನೀರು ಕುಡಿದು ನೋಡಿದರು. ಹತ್ತೂ ಹಾಳೆಯಲ್ಲಿದ್ದಂತೆಯೇ. ಮರುವರ್ಷ ನೂರ ಎಂಬತ್ತಮೂರು ಮನೆಗೆ ನಲ್ಲಿ ಬಂತು. ಸಿಹಿ ಎಂದು ಬರೆದ ಇಪ್ಪತ್ತೊಂಬತ್ತು ಮನೆಗೆ ಬರಲಿಲ್ಲ. ಚೇಚಿಯ ಮನೆಗೂ ಬರಲಿಲ್ಲ.

ಆ ಇಪ್ಪತ್ತೊಂಬತ್ತನ್ನು ಅವರು ಮರೆಯಲಿಲ್ಲ. ಕಡಲು ನೆಲದೊಳಗೆ ಬರುತ್ತಿದೆ ಅನ್ನುತ್ತಿದ್ದರು. ಪ್ರತಿ ಬೇಸಿಗೆ ಹೋಗಿ ಕುಡಿದು ಬರೆಯುತ್ತಿದ್ದರು, ತಮ್ಮದನ್ನು ಕೊನೆಗೆ. ಈ ಸಲ ಇಪ್ಪತ್ತೆಂಟು ಬರೆದರು. ಅಷ್ಟರಲ್ಲಿ ಆಸ್ಪತ್ರೆ —

ನಿನ್ನೆ ಬೆಳಿಗ್ಗೆ ಉಳಿದ ಆ ಒಂದು ಬಾವಿಗೆ, ಚೇಚಿಯ ಮನೆಗೆ, ನಾನು ಹೋದೆ. ಜೆಸಿ ನೀರು ಸೇದಿ ಕೊಟ್ಟಳು. ಲಾಸರ್ ಚೇಟ ಹೇಳಿದರು, "ಈ ತಿಂಗಳು ಗಂಜಿಗೆ ಉಪ್ಪೇ ಹಾಕಿಲ್ಲ ಸುಗುಣಾ." ಕುಡಿದೆ. ಬರೆದೆ. ಅದೂ ಸೇರಿ ಆ ಇಪ್ಪತ್ತೊಂಬತ್ತರಲ್ಲಿ ಈಗ ಹದಿನೇಳು ಬಾವಿ ಉಪ್ಪು.

ಬರುವ ಭಾನುವಾರ ಗ್ರಾಮಸಭೆ. ಹಾಳೆಯನ್ನು ನಾನು ಓದುತ್ತೇನೆ. ಆದರೆ ಜನ ಸಾಲದೆ ಹೋದ ಸಲ ಸಭೆಯೇ ಮುಂದಕ್ಕೆ ಹೋಯಿತು. ನಲ್ಲಿ ಇರುವವರು ಬರಲಿಲ್ಲ — ನಾನು ಬೈಯುತ್ತಿಲ್ಲ, ಬನ್ನಿ ಎಂದು ಕೇಳುತ್ತಿದ್ದೇನೆ. ಹದಿನೇಳು ಮನೆಯವರು ಮಾತ್ರ ಬಂದರೆ ಸಭೆ ನಡೆಯುವುದಿಲ್ಲ.

ಈಗ ಚೇಚಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಮನೆಗೆ ನಲ್ಲಿ ಬಂದವರು — ದಯವಿಟ್ಟು ನೀವು ಮೊದಲು ಏಳಿ.